ನೂರು ವ್ಯಾಟಿನ ಬಲ್ಬು, ಒಂದು ಲೋಟ ಟೀ

ಕಂಪ್ಯೂಟರಿನ ಯುಪಿಎಸ್ ಕೆಟ್ಟಿತ್ತು. ಹೊಸದು ತರಲು ಹೊರಟವಳಿಗೆ ಡ್ರಾಯರಿನಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟ ನೂರು ವ್ಯಾಟಿನ ಬಲ್ಬು ಸಿಕ್ಕಿತು, ಹೋಲ್ಡರು ವೈರು ಸಮೇತ. ಅಲ್ಲಾಡಿಸಿದರೆ ಒಳಗಿನ ತಂತಿ ಈಗಲೂ ಸಣ್ಣಗೆ ನಡುಗುತ್ತದೆ…

ಕೊಟ್ಟವರು ಶಿರಾದಲ್ಲಿ ನನ್ನ ಅಂಗಡಿಯ ಎದುರಿಗಿದ್ದ ಬ್ಯಾಟರಿ ಸಾಬರು. ನಾನು ಆಗಷ್ಟೇ ಒಂದು ಕಂಪ್ಯೂಟರ್ ಇಟ್ಟುಕೊಂಡು, ಅರ್ಜಿ ತುಂಬಿಕೊಡುವ ಅಂಗಡಿ ತೆರೆದಿದ್ದೆ. ಯುಪಿಎಸ್ ಕೇಳಿದರೆ ಸಾಬರು ಬೆಲೆ ಹೇಳಲಿಲ್ಲ. ಎರಡು ಟೀ ತರಿಸಿದರು. ಯುಪಿಎಸ್ಸಿಗೆ ಆ ಬಲ್ಬು ಸಿಕ್ಕಿಸಿ, ಗೋಡೆಯ ಪ್ಲಗ್ಗು ಕಿತ್ತರು.

"ಟೀ ಮುಗಿಯೋವರ್ಗೂ ಉರಿದ್ರೆ ಮಾಲು ಒಳ್ಳೇದು. ನಿನ್ ಚೌಕಾಸಿನೂ ಅಲ್ಲೀವರ್ಗೇ, ಬೇಟಿ."

ನಾನೇನು ಕಡಿಮೆಯವಳೇ? ಗುಟುಕು ಗುಟುಕಾಗಿ ಎಳೆದೆ.

"ಟೀ ಕುಡೀತಿದ್ಯೋ, ಔಷಧಿನೋ?" ಎಂದು ನಕ್ಕು ಬೆಲೆ ಇಳಿಸಿದರು.

ಯುಪಿಎಸ್ ಕೊಳ್ಳುವವರಿಗೆ ಇವತ್ತಿಗೂ ನಾನು ಅವರ ಮಾತನ್ನೇ ಹೇಳುತ್ತೇನೆ. ದೊಡ್ಡದಕ್ಕೆ ಆಸೆಪಡಬೇಡಿ, ಕೈಯಲ್ಲಿರುವ ಕೆಲಸ ಮುಗಿಸಿ ಆರಿಸುವಷ್ಟು ಹೊತ್ತು ನಿಂತರೆ ಸಾಕು. ಕಂಪ್ಯೂಟರು, ಪರದೆ, ಇಂಟರ್ನೆಟ್ ಡಬ್ಬ ಇಷ್ಟನ್ನೇ ಸಿಕ್ಕಿಸಿ. ಲೇಸರ್ ಪ್ರಿಂಟರ್ ಮಾತ್ರ ಬೇಡ, ಅದು ಇಸ್ತ್ರಿಪೆಟ್ಟಿಗೆಯ ಹಾಗೆ ಕರೆಂಟು ಎಳೆಯುತ್ತದೆ. ನಾನು ಆವತ್ತು ಕೇಳಲಿಲ್ಲ. ಚೌಕಾಸಿಯಲ್ಲಿ ಗೆದ್ದ ಹುರುಪು. ಕೊಟ್ಟ ಕಾಸಿಗೆ ಪೂರ್ತಿ ದುಡಿಸೋಣವೆಂದು ಪ್ರಿಂಟರನ್ನೂ ಅದಕ್ಕೇ ಸಿಕ್ಕಿಸಿದೆ.

ಗೌಡಗೆರೆಯ ಹೆಂಗಸೊಬ್ಬರು ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಬಂದಿದ್ದರು. ಅರ್ಜಿಗೆ ಅದೇ ಕಡೇ ದಿನ, ಐದಕ್ಕೆ ಮುಚ್ಚುತ್ತಿತ್ತು. ನಾಲ್ಕರ ಮೇಲೆ ಕರೆಂಟು ಹೋಯಿತು. ಎಲ್ಲ ತುಂಬಿ ಆಗಿತ್ತು. ಕಳಿಸುವ ಮೊದಲು ಕಾಗದದಲ್ಲೊಮ್ಮೆ ನೋಡೋಣವೆಂದು ಪ್ರಿಂಟ್ ಒತ್ತಿದೆ. ಯುಪಿಎಸ್ ಉದ್ದಕ್ಕೆ ಕಿರುಚಿ ಆರಿತು. ತುಂಬಿದ್ದೆಲ್ಲ ಹೋಯಿತು.

"ಸತ್ತೋಯ್ತಾ ಪೆಟ್ಗೆ? ವಯಸ್ಸು ಮೀರ್ತದೆ, ನಂಗೆ ಇದೇ ಕೊನೇ ವರ್ಸ ಕಣಮ್ಮ," ಎಂದರು ಆಕೆ.

ಕಿರುಚಿದ್ದು ಕೇಳಿ ಸಾಬರು ರಸ್ತೆ ದಾಟಿ ಬಂದರು. ಬಗ್ಗಿ ಪ್ರಿಂಟರಿನ ಪ್ಲಗ್ಗು ಕಿತ್ತು ನನ್ನ ಕೈಗಿಟ್ಟರು, ಬೈಯಲಿಲ್ಲ. ತಮ್ಮ ಅಂಗಡಿಯಲ್ಲಿ ಚಾರ್ಜಾಗಿದ್ದ ಇನ್ನೊಂದು ಯುಪಿಎಸ್ ಹೊತ್ತು ತಂದು ಜೋಡಿಸಿದರು.

"ಟೈಪ್ ಹೊಡಿ ಬೇಟಿ. ಒಂದು ಟೀ ಹೊತ್ತು ಐತೆ ನಿಂಗೆ."

ಮೊದಲಿಂದ ಮತ್ತೆ ತುಂಬಿದೆ. ಅರ್ಜಿ ಹೋಯಿತು. ಪರದೆಯ ಮೇಲೆ ಬಂದ ನಂಬರನ್ನು ಆಕೆ ಅಂಗೈಯಲ್ಲಿ ಬರೆದುಕೊಂಡರು.

ಮುಂದೆ ನಾನು ಮಧುಗಿರಿಗೆ ಬಂದೆ. ಹೊರಟ ದಿನ ಸಾಬರು ಈ ಬಲ್ಬನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ ಸುದ್ದಿ ನನ್ನ ಕಿವಿಗೆ ಬಿತ್ತು…

ಮೊನ್ನೆ ಇಲ್ಲಿನ ಯುಪಿಎಸ್ ಅಂಗಡಿಯಲ್ಲಿ ಬಲ್ಬು ತೆಗೆದಾಗ ಮಾರುವಾತ ನಕ್ಕ. ಬೆಲೆ ಒಂದೇ, ಇಳಿಸುವುದಿಲ್ಲ ಎಂದ. ನಾನೇ ಟೀ ತರಿಸಿದೆ. ಬಲ್ಬು ಚೆನ್ನಾಗಿಯೇ ಉರಿಯಿತು. ಟೀ ತಣ್ಣಗಾಗಿದ್ದರೂ ಗುಟುಕು ಗುಟುಕಾಗಿ ಎಳೆಯುತ್ತಲೇ ಇದ್ದೆ… ಔಷಧಿಯೋ ಎಂದು ಕೇಳುವವರು ಎದುರಿಗಿರಲಿಲ್ಲ.