ಮುಖಪುಟಕ್ಕೆ ಬಾರದ ಫೋಟೋ

ಹೋದ ವಾರ ತಮ್ಮನ ಲಗ್ನಪತ್ರಿಕೆಯ ಕಟ್ಟು ಮನೆಗೆ ಬಂತು. ಸುತ್ತಿದ ಖಾಕಿ ಕಾಗದ ಹರಿದ ಕೂಡಲೇ ಹಸಿ ಮಸಿಯ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಹೆಸರುಗಳಲ್ಲಿ ತಪ್ಪು ಹುಡುಕುತ್ತ ಕೂತರು. ನಾನು ಎದ್ದು ಹಿತ್ತಲಿಗೆ ಹೋಗಿ ನಿಂತೆ. ಆ ವಾಸನೆಗೆ ನನಗೆ ನೆನಪಾಗುವವಳು ಒಬ್ಬಳೇ... ಬಾಗಲಕೋಟೆಯ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ.

ಅವಳು ಇಳಕಲ್ಲಿನವಳು, ನೇಕಾರರ ಮನೆಯ ಮಗಳು. ನಾನು ಬಾದಾಮಿಯವಳು, ಅಲ್ಲಿ ನಮ್ಮಪ್ಪನದು ಫೋಟೋ ಸ್ಟುಡಿಯೋ. ಇಬ್ಬರೂ ಸಂಗೀತ ಓದುತ್ತಿದ್ದೆವು. ಹಾಡಿನಲ್ಲಿ ಅವಳು ನನಗಿಂತ ಬಹಳ ಮುಂದಿದ್ದಳು. ಅದನ್ನು ಹೇಗೋ ನುಂಗಿಕೊಂಡಿದ್ದೆ. ಹಾಡು ಅವಳಿಗಿರಲಿ, ಫೋಟೋ ನನಗಿದೆಯಲ್ಲ ಎಂದು ಮನಸ್ಸಿನಲ್ಲೇ ಪಾಲು ಮಾಡಿಕೊಂಡಿದ್ದೆ.

ಕೊನೆಯ ವರ್ಷ ನಮ್ಮ ತರಗತಿಯವರೆಲ್ಲ ಸೇರಿ ಒಂದು ಸಂಗೀತ ಪತ್ರಿಕೆ ತರಬೇಕೆಂದು ಹೊರಟೆವು. ಸುತ್ತಲಿನ ಊರುಗಳ ಹಾಡುಗಾರರ ಬಗ್ಗೆ ನಾವೇ ಬರೆಯುವುದು, ನಾವೇ ಫೋಟೋ ತೆಗೆಯುವುದು. ನಮ್ಮ ಸಂಗೀತದ ಮೇಡಂ ಫೋಟೋದ ಜವಾಬ್ದಾರಿಯನ್ನು ಯಾರನ್ನೂ ಕೇಳದೆ ನನಗೇ ಕೊಟ್ಟರು. ನಾನು ಒಂದು ನೋಟ್‌ಬುಕ್ ತುಂಬ ಚೌಕ ಬರೆದೆ. ಒಂದೊಂದು ಚೌಕದಲ್ಲಿ ಒಂದೊಂದು ಫೋಟೋ: ಯಾರು, ಎಲ್ಲಿ, ಎಷ್ಟು ಗಂಟೆಗೆ, ಬೆಳಕು ಯಾವ ಕಡೆಯಿಂದ. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ತಂಬೂರಿ ಹಿಡಿದ ನಮ್ಮ ಸಹಪಾಠಿ, ಹಿಂದೆ ಕೆಂಪು ಬಂಡೆ, ಸೂರ್ಯ ಆಗತಾನೇ ಏರಿರಬೇಕು, ಅದು ಮುಖಪುಟ. ಕೂಡಲಸಂಗಮದಲ್ಲಿ ನೀರಿನ ಅಂಚಿಗೆ ಒಬ್ಬ ತತ್ವಪದಕಾರರು. ಇಳಕಲ್ಲಿನಲ್ಲಿ ಏಕತಾರಿ ಹಿಡಿದ ಒಬ್ಬ ಭಜನೆಯ ಅಜ್ಜ. ಗೆಳತಿಗೆ ಕೊಟ್ಟ ಕೆಲಸ, ಮುಖಕ್ಕೆ ಬೆಳಕು ಬೀಳಲೆಂದು ಬಿಳಿ ಥರ್ಮೋಕೋಲ್ ಹಲಗೆ ಹಿಡಿದು ನಿಲ್ಲುವುದು.

ಅವಳು ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು.

“ಎಲ್ಲಾ ಚಂದ ಐತಿ. ಇದರಾಗ ಹಾಡು ಎಲ್ಲೈತಿ?”

“ಫೋಟೋದಾಗ ಹಾಡು ಹೆಂಗ ಬರ್ತೈತಿ? ಹುಚ್ಚೀ,” ಎಂದು ನಕ್ಕೆ.

“ಗೊತ್ತಿಲ್ಲ. ಬರಬೇಕಲ್ಲ,” ಎಂದಳು.

ಬಾದಾಮಿಯಲ್ಲಿ ನಾನಂದುಕೊಂಡ ಹಾಗೆಯೇ ಎಲ್ಲ ಆಯಿತು. ಬಂಡೆಯ ಕೆಂಪು, ನೀರಿನ ಹಸಿರು, ಹುಡುಗಿಯ ಸೀರೆಯ ಸೆರಗು, ಎಲ್ಲ ಚೌಕದಲ್ಲಿ ಬರೆದಂತೆ. ಫೋಟೋಗಳನ್ನು ಅಪ್ಪನಿಗೆ ತೋರಿಸಿದೆ. ಚಹಾ ಕುಡಿಯುತ್ತಲೇ ನೋಡಿ “ಚಲೋ ಬಂದಾವ” ಎಂದರು. ಆಮೇಲೆ ಸುಮ್ಮನೆ ಮಾತಿಗೆಂಬಂತೆ, “ನೀ ಏನರೆ ತೆಗದೀ ಏನವ್ವಾ?” ಎಂದು ಗೆಳತಿಯನ್ನು ಕೇಳಿದರು. ಅವಳು ನಾಚುತ್ತ, ಗಾಜು ಬಿರುಕುಬಿಟ್ಟ ತನ್ನ ಫೋನು ಮುಂದೆ ಹಿಡಿದಳು. ನಮ್ಮ ಸಹಪಾಠಿ ತಂಬೂರಿಯ ಬುರುಡೆಗೆ ಕಿವಿ ಹಚ್ಚಿ, ಶ್ರುತಿ ಕೂಡಿತೋ ಇಲ್ಲವೋ ಎಂದು ಹುಬ್ಬು ಗಂಟಿಕ್ಕಿ ಕೂತಿದ್ದ ಫೋಟೋ. ನನ್ನ ಕ್ಯಾಮೆರಾ ಸಜ್ಜಾಗುವ ಮೊದಲು ತೆಗೆದದ್ದು. ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. ಆ ಫೋನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು...

“ಈ ಹುಡುಗಿಗೆ ಕಣ್ಣೈತಿ,” ಎಂದರು.

ನನ್ನ ಹತ್ತನೆಯ ವಯಸ್ಸಿನಿಂದ ನಾನು ಅವರ ಪಕ್ಕ ನಿಂತು ಕೆಲಸ ಕಲಿತವಳು. ಆ ಮಾತನ್ನು ಒಂದು ದಿನವೂ ನನಗೆ ಅಂದವರಲ್ಲ. ಅಂದು ಬಾಗಲಕೋಟೆಗೆ ಮರಳುವಾಗ ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಹೆಗಲು ಕೊಡವಿ ಎಬ್ಬಿಸಬೇಕೆಂದು ಎಷ್ಟು ಸಲ ಅನ್ನಿಸಿತೋ...

ಮುಂದಿನ ವಾರ ಇಳಕಲ್ಲಿಗೆ ಹೋದೆವು. ಭಜನೆಯ ಅಜ್ಜನ ಮನೆ ಅವಳ ಓಣಿಯಲ್ಲೇ ಇತ್ತು. ಒಂದು ಕಾಲಕ್ಕೆ ಅವರ ದನಿಗೆ ಮಗ್ಗಗಳು ನಿಲ್ಲುತ್ತಿದ್ದವಂತೆ. ಗಂಟಲಿನ ಆಪರೇಶನ್ ಆಗಿ ದನಿ ಪೂರ್ತಿ ಹೋಗಿತ್ತು. ನನ್ನ ಚೌಕದಲ್ಲಿ ಮಾತ್ರ ಅವರು ಹಾಡುತ್ತಿದ್ದರು. ಹಾಗಾಗಿ ಏಕತಾರಿ ಕೈಗೆ ಕೊಟ್ಟು, “ಬಾಯಿ ತೆಗೀರಿ ಅಜ್ಜಾ, ಹಾಡಿದಂಗ,” ಎಂದೆ. ಅವರು ತೆಗೆದರು. ಏನೂ ಹೊರಡಲಿಲ್ಲ.

“ಇನ್ನೊಂಚೂರು ದೊಡ್ಡದಾಗಿ, ಅಜ್ಜಾ.”

ಗೆಳತಿ ಹಲಗೆ ಕೆಳಗಿಟ್ಟಳು. “ಸಾಕು ಬಿಡ,” ಎಂದಳು. ನಾನು ಬಿಡಲಿಲ್ಲ. ಇಪ್ಪತ್ತು ಫೋಟೋ ತೆಗೆದೆ.

ಮುಗಿಸಿ, ಅಂಗಳದಲ್ಲಿ ಸ್ಟ್ಯಾಂಡು ಮಡಚುತ್ತಿದ್ದಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳದ ಜೊತೆ ಸಣ್ಣಗೆ ಒಂದು ಹಾಡು ಕೇಳಿಸಿತು. ಅಜ್ಜನ ಹೆಂಡತಿ, ಅಜ್ಜಿಯ ದನಿ. ನನಗೆ ಬಸ್ಸಿನ ಗಡಿಬಿಡಿ; ತಲೆಯೆತ್ತಲಿಲ್ಲ. ಹೊಸ್ತಿಲಲ್ಲಿ ನಿಂತ ಗೆಳತಿ ಅಷ್ಟರಲ್ಲಿ ಒಂದೇ ಒಂದು ಫೋಟೋ ತೆಗೆದಿದ್ದಳು.

ಮರುದಿನ ತರಗತಿಯಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಮೇಡಂ ನೋಡಿ, “ಮುಖಪುಟ ಇದ ಆಗ್ಲಿ,” ಎಂದರು. ಪ್ರೆಸ್ಸಿಗೆ ಕಳಿಸಲೆಂದು ಗೆಳತಿ ಅದನ್ನು ನನ್ನ ಫೋನಿಗೆ ಹಾಕಿದಳು.

ನಮ್ಮ ಪ್ರೆಸ್ ಹುನಗುಂದದಲ್ಲಿತ್ತು. ಅವರಿಗೆ ಫೋನು ಮಾಡಿ, ಮೊಬೈಲಿನಲ್ಲಿ ತೆಗೆದ ಫೋಟೋ ಮುಖಪುಟಕ್ಕೆ ಆದೀತೇ ಎಂದು ಕೇಳಿದೆ. “ಸಣ್ಣ ಪುಸ್ತಕ ಅಲ್ಲೇನ್ರಿ, ಬೇಕಾದಂಗ ಆಗ್ತೈತಿ,” ಎಂದರು. ಫೋನಿಟ್ಟೆ. ಮೇಡಂ ಹತ್ತಿರ ಹೋಗಿ, ಗೆಳತಿ ಪಕ್ಕದಲ್ಲೇ ನಿಂತಿರುವಾಗ ಹೇಳಿದೆ: “ಛಾಪಿಸಿದ್ರ ಮುಖ ಎಲ್ಲಾ ಒಡದು ಮಸುಕ ಬರ್ತೈತಂತ್ರಿ. ಪ್ರೆಸ್ಸಿನವರು ಬ್ಯಾಡ ಅಂದ್ರು.”

ಅವಳ ಮುಖ ಸಣ್ಣದಾಯಿತು. “ಹೌದಾ? ಹಂಗಿದ್ರ ಬ್ಯಾಡ್ರಿ ಮೇಡಂ, ಬಾದಾಮೀದು ಹಾಕ್ರಿ,” ಎಂದು ಅವಳೇ ಅಂದಳು. ಅವಳ ಫೋಟೋವನ್ನು ನನ್ನ ಫೋನಿನಿಂದ ಆಗಲೇ ಅಳಿಸಿಬಿಟ್ಟೆ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ಪತ್ರಿಕೆ ತರಲು ಹುನಗುಂದಕ್ಕೆ ಇಬ್ಬರೂ ಹೋದೆವು. ಕಟ್ಟು ಬಿಚ್ಚಿದಾಗ ಬಂದದ್ದು ಇದೇ ಮಸಿಯ ವಾಸನೆ. ಮುಖಪುಟದ ಮೇಲೆ ನನ್ನ ಕೆಂಪು ಬಂಡೆ, ಒಳಗೆ ನನ್ನ ಹೆಸರು. ಪ್ರೆಸ್ಸಿನವರು ಪ್ರತಿಗಳನ್ನು ಎಣಿಸಿ ಕೊಡುತ್ತ ಸಹಜವಾಗಿ ಕೇಳಿದರು: “ಅಲ್ರಿ, ಮೊಬೈಲಿನ ಫೋಟೋ ಕಳಸ್ತೇನಿ ಅಂದಿದ್ರಿ, ಕಳಸಲೇ ಇಲ್ಲ. ಆಗ್ತೈತಿ ಅಂತ ಹೇಳಿದ್ನೆಲ್ರಿ?”

ಗೆಳತಿ ನನ್ನ ಕಡೆ ತಿರುಗಲಿಲ್ಲ. ಒಂದು ಕಟ್ಟು ಎತ್ತಿಕೊಂಡು ಹೊರಗೆ ನಡೆದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಮೀನಗಡದಲ್ಲಿ ಬಸ್ಸು ನಿಂತು, ಜನ ಕರದಂಟಿಗೆಂದು ಇಳಿದಾಗ ಕೇಳಿದಳು:

“ನಿಮ್ಮ ಅಪ್ಪಾರು ಹೊಗಳಿದ್ದಕ್ಕೇನು?”

ನಾನು ಕಾಲ ಬಳಿಯಿದ್ದ ಕಟ್ಟನ್ನು ಸೀಟಿನ ಕೆಳಗೆ ಸರಿಸಿದೆ.

“ಆ ಅಜ್ಜಿ ಹಾಡತಾಳ ಅಂತ ಓಣ್ಯಾಗ ಯಾರಿಗೂ ಗೊತ್ತಿಲ್ಲ. ಅಜ್ಜನ ಗಂಟಲಾ ಹೋದಮ್ಯಾಲೆ ಆತಗೋಸ್ಕರ ಹಾಡಾಕ ಸುರು ಮಾಡ್ಯಾಳ. ಪುಸ್ತಕದಾಗ ಬರ್ತೀರಿ ಅಂತ ಇಬ್ಬರಿಗೂ ಮಾತು ಕೊಟ್ಟಿದ್ದೆ.”

ಅಷ್ಟೇ ಅಂದಳು. ಬೈಯಲಿಲ್ಲ, ಮೇಡಂಗೆ ಹೇಳಲೂ ಇಲ್ಲ. ಉಳಿದ ಎರಡು ತಿಂಗಳು ಅದೇ ಕೋಣೆಯಲ್ಲಿ ಕಳೆದೆವು. ನಾನು ತಡವಾಗಿ ಬಂದರೆ ನನ್ನ ಊಟ ತೆಗೆದಿಡುತ್ತಿದ್ದಳು. ಆದರೆ ತೆಗೆದ ಫೋಟೋಗಳನ್ನು ಮತ್ತೆಂದೂ ನನಗೆ ತೋರಿಸಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೆ ಬರುತ್ತಿತ್ತು... ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಿತು.

ಅವಳು ಊರಲ್ಲೇ ಒಂದು ಶಾಲೆಗೆ ಹಾಡು ಕಲಿಸಲು ಸೇರಿದಳೆಂದು ಕೇಳಿದ್ದೆ. ಎರಡು ವರ್ಷದ ಹಿಂದೆ, ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ತರಗತಿಯವರ ಗ್ರೂಪಿನಲ್ಲಿ ಸುದ್ದಿ ಓದಿದೆ. ಎಲ್ಲರಂತೆ ನಾನೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾದೆ.

ಮೊನ್ನೆ ರವಿವಾರ ಕೊನೆಗೂ ಇಳಕಲ್ಲಿಗೆ ಹೋದೆ. ಅವಳ ಅವ್ವ ಪಡಸಾಲೆಯಲ್ಲಿ ನೂಲು ಸುತ್ತುತ್ತ ಕೂತಿದ್ದರು. ಗುರುತು ಹಿಡಿದರು, ನೀರು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಆಕಿ ತೆಗೆದ ಫೋಟೋ ಏನರೆ ನಿನ್ನ ಕಡೆ ಅದಾವೇನು ತಂಗಿ? ಆಕಿ ಫೋನು ಬಸ್ಸಿನ್ಯಾಗ ಕಳೀತು. ಒಂದೂ ಉಳಿದಿಲ್ಲ.”

“ಒಂದಿತ್ತು ಯವ್ವಾ,” ಎಂದೆ. “ನಾನ ಅಳಿಸಿ ಹಾಕೇನಿ. ಹೊಟ್ಟೆಕಿಚ್ಚಿಗೆ.”

ಅವರ ಕೈ ನಿಂತಿತು. ನನ್ನನ್ನು ದಿಟ್ಟಿಸಿ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

“ಅದರಾಗ ಏನಿತ್ತು?” ಎಂದು ಕೇಳಿದರು. “ಪುಸ್ತಕ ಬಂದಮ್ಯಾಲೆ ತೋರಸ್ತೇನಿ ಅಂದಿದ್ಲು.”

ಹೇಳಿದೆ. ಬಾಗಿಲ ಬೆಳಕು ಅಜ್ಜನ ಅರ್ಧ ಮುಖಕ್ಕೆ ಬಿದ್ದಿತ್ತು. ಕಣ್ಣು ಮುಚ್ಚಿದ್ದರು. ಹಿಂದೆ, ಮಸುಕಾಗಿ, ಒಲೆಯ ಮುಂದೆ ಅಜ್ಜಿಯ ಬೆನ್ನು. ಅವಳ ಹಾಡಿಗೆ ತಾಳ ಹಾಕುತ್ತ ಅಜ್ಜ ಮೊಣಕಾಲ ಮೇಲಿಂದ ಒಂದು ಬೆರಳು ಎತ್ತಿದ್ದರು... ಹೇಳುತ್ತ ಹೇಳುತ್ತ ನನ್ನನ್ನೇ ಕೇಳಿಕೊಂಡೆ: ಆ ಬೆರಳು ನನಗೆ ಯಾಕೆ ಕಾಣಲಿಲ್ಲ? ಇಲ್ಲವಾದವಳ ಮೇಲೂ, ಅವಳ ತಾಯಿಯ ಎದುರಿಗೇ, ನನಗೆ ಅಸೂಯೆಯಾಯಿತು.

“ಆ ಮುದುಕಿ ಹಾಡತಿದ್ಲಾ?” ಎಂದರು ಅವ್ವ. “ಇಬ್ಬರೂ ಹೋಗಿ ಮೂರು ವರ್ಷ ಆತು. ನಾಕು ಮನಿ ಆಚೆ ಇದ್ರು. ನಮಗ ಗೊತ್ತಾಗಲೇ ಇಲ್ಲ ನೋಡ.”

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವರು ನನ್ನ ಕೈ ಹಿಡಿದರು.

“ಬೆರಳು ಹೆಂಗ ಎತ್ತಿದ್ದಾ, ಇನ್ನೊಮ್ಮೆ ತೋರ್ಸು.”

ನಾನು ಮತ್ತೆ ಕೂತೆ. ಮೊಣಕಾಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಬೆರಳು ಎತ್ತಿದೆ.