ನಾಟಿ ಕಾಲದ ಹೆಬ್ಬೆಟ್ಟು

ದುರುಗಪ್ಪ, ಆ ನೂರಾ ಹನ್ನೆರಡು ಹೆಬ್ಬೆಟ್ಟುಗಳೂ ನಿಜವಾದವು. ಅವು ನೂರಾ ಹನ್ನೆರಡು ಬೇರೆ ಬೇರೆ ಜನರವು ಎಂದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ, ಲಿಂಗಸುಗೂರಿನ ಸಭೆಯಲ್ಲಿ ಅವು ಕಳ್ಳ ಹೆಬ್ಬೆಟ್ಟುಗಳು ಎಂದವನು ನಾನು. ತಪ್ಪಿ ಹೇಳಿದ್ದಲ್ಲ — ಸುಳ್ಳು ಹೇಳಿದ್ದು.

ಆಗ ನಿನ್ನನ್ನು ‘ನೀನು’ ಎನ್ನುತ್ತಿದ್ದೆ. ನೀನು ನನಗೆ ‘ರೀ’ ಹಚ್ಚುತ್ತಿದ್ದೆ. ಈಗ ಒಮ್ಮೆಲೇ ‘ನೀವು’ ಎಂದು ಬರೆದರೆ ಅದೂ ಒಂದು ವೇಷವಾದೀತು. ಹಳೆಯ ಮಾತಿನಲ್ಲೇ ಬರೆಯುತ್ತೇನೆ. ಈ ಕಾಗದವನ್ನು ಬೇರೆಯವರೂ ಓದಬೇಕು. ಅದಕ್ಕೇ ನಿನಗೆ ಗೊತ್ತಿರುವ ಸಂಗತಿಗಳನ್ನೂ ಮತ್ತೆ ಹೇಳುತ್ತಿದ್ದೇನೆ, ಬೇಸರಪಡಬೇಡ.

ನಾನು ಸಿಂಧನೂರಿನಲ್ಲಿ ತಹಸೀಲ್ ಕಚೇರಿಯ ಮುಂದೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕಾಗದಪತ್ರ ಬರೆಯುತ್ತಿದ್ದವನು. ಊರಿಗೆಲ್ಲ ರೈಟರ್ ಸಾಹೇಬ. ಮಾರಾಟ ಪತ್ರ, ಗೇಣಿ ಪತ್ರ, ಅರ್ಜಿ — ಬರೆದು, ಓದಿ ಹೇಳಿ, ಕಡೆಗೆ ಬರೆಸಿದವರ ಎಡಗೈ ಹೆಬ್ಬೆಟ್ಟನ್ನು ಶಾಯಿಯ ಪ್ಯಾಡಿಗೆ ಒತ್ತಿಸಿ ಕಾಗದದ ಮೇಲೆ ಹೊರಳಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವನಿಗೆ ಜನರ ಮುಖಕ್ಕಿಂತ ಅವರ ಹೆಬ್ಬೆಟ್ಟು ಚೆನ್ನಾಗಿ ನೆನಪಿರುತ್ತದೆ. ಅದರ ಜೊತೆಗೆ ನಾನು ನಮ್ಮ ಪಕ್ಷದ ತಾಲೂಕು ಕಾರ್ಯದರ್ಶಿ. ಸದಸ್ಯತ್ವದ ಪುಸ್ತಕ ನನ್ನ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಪಕ್ಷದ ಹೆಸರು ಬರೆಯುವುದಿಲ್ಲ. ಗುಡಿ, ಸಂಪ್ರದಾಯ, ಹಿರಿಯರು ಹಾಕಿಕೊಟ್ಟ ದಾರಿ — ಇವನ್ನೇ ಮಾತಾಡುವ ಪಕ್ಷ ಎಂದರೆ ಸಾಕು. ಎಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ತಾಲೂಕಿಗೆಲ್ಲ ನಾವು ಅರವತ್ತು ಜನ. ಅಂಗಡಿಯವರು, ಕಾಳು ಮಾರಿಸಿ ದಲ್ಲಾಳಿ ಪಡೆಯುವ ಅಡತಿಯವರು, ನಾಲ್ಕು ಜನ ಗೌಡರು, ಪುರಾಣ ಹೇಳುವ ಇಬ್ಬರು ಸ್ವಾಮಿಗಳು. ನಮ್ಮ ಮೆರವಣಿಗೆ ಒಂದು ಟೆಂಪೋದಲ್ಲಿ ಹಿಡಿಸುತ್ತದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಜನ ನಗುತ್ತಿದ್ದರು. ಪ್ರತಿ ಚುನಾವಣೆಯಲ್ಲೂ ಠೇವಣಿ ಕಳೆದುಕೊಂಡು ಬಂದು, ಜನ ದಾರಿ ತಪ್ಪಿದ್ದಾರೆ ಎಂದು ನಮ್ಮನಮ್ಮಲ್ಲೇ ಮಾತಾಡಿಕೊಂಡು ಚಹಾ ಕುಡಿಯುತ್ತಿದ್ದೆವು.

ಆಮೇಲೆ ಮೇಲಿನವರಿಂದ ಕಾಗದ ಬಂತು. ಹೀಗೇ ಇದ್ದರೆ ಪಕ್ಷ ಉಳಿಯುವುದಿಲ್ಲ, ಕೇರಿಗೆ ಹೋಗಿರಿ, ಹಟ್ಟಿಗೆ ಹೋಗಿರಿ, ಕಾಲುವೆ ಭಾಗದಲ್ಲಿ ಹೊರಗಿನ ರೈತರು ಬಂದು ನೆಲೆಸಿದ ಕ್ಯಾಂಪುಗಳಿಗೆ ಹೋಗಿರಿ, ಹೊಸ ಜನರನ್ನು ತನ್ನಿರಿ. ಅದನ್ನು ಓದಿದಾಗ ಅಧ್ಯಕ್ಷರಾದ ಶಾಂತಪ್ಪ ಸಾಹುಕಾರರು ಮೀಸೆ ತೀಡಿಕೊಂಡರು. “ಮಂದಿ ಬೇಕು, ಖರೇ,” ಎಂದರು. “ಆದ್ರ ಯಾವ ಮಂದಿ ಅಂತ ಬರದಿಲ್ಲ ನೋಡ್ರಿ.” ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ಪಕ್ಷ ಬೆಳೆಯಬೇಕೋ ಬೇಡವೋ ಎಂದು ನಾವು ಎಷ್ಟೋ ಸಭೆಗಳಲ್ಲಿ ವಾದ ಮಾಡಿದ್ದೇವೆ. ಒಳಗಿನ ಮಾತು ಮಾತ್ರ ಬೇರೆ ಇತ್ತು. ಓಟು ಎಲ್ಲರದೂ ಬೇಕು, ಕುರ್ಚಿ ನಮ್ಮಲ್ಲೇ ಇರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅದೇ ತಿಂಗಳು ನೀನು ಬಂದೆ. ಬಳಗಾನೂರಿನ ದುರುಗಪ್ಪ, ನಾಟಿ ಹಚ್ಚುವ ಕೂಲಿಯವರ ಮೇಸ್ತ್ರಿ. ನೀನು ಕೈ ಎತ್ತಿದರೆ ನೂರು ಜನ ಗದ್ದೆಗೆ ಇಳಿಯುತ್ತಾರೆ ಎಂದು ಕ್ಯಾಂಪಿನ ರೈತರು ಹೇಳುತ್ತಿದ್ದರು. ಕರೆಯದೆ, ಕರೆಸಿಕೊಳ್ಳದೆ, ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತು, ನಿಮ್ಮ ಪಕ್ಷಕ್ಕೆ ಸೇರುತ್ತೇವೆ ಎಂದೆ. ನಾನು ಮೊದಲು ಕೇಳಿದ್ದು ಏನು, ನೆನಪಿದೆಯೇ? “ನಿನ್ನ ಯಾರು ಕಳಿಸ್ಯಾರ?” ಎಂದೆ.

“ಯಾರು ಕಳಿಸ್ತಾರ್ರೀ ನನ್ನ? ಆ ದೊಡ್ಡ ಪಕ್ಷದವ್ರು ನಮ್ಮಪ್ಪನ ಕಾಲದಿಂದ ಲಾರಿಯಾಗ ತುಂಬಿಕೊಂಡು ಹೋಗ್ಯಾರ, ಚಪ್ಪಾಳಿ ಹೊಡಿಸ್ಯಾರ, ತಂದು ಇಳಿಸ್ಯಾರ. ನಿಮ್ಮದು ಸಣ್ಣ ಪಕ್ಷ ಐತಿ. ಸಣ್ಣ ಮನಿಯಾಗ ನಾಕು ಮಂದಿ ಹೊಸಬ್ರು ಬಂದ್ರ ಮುಖ ಆದ್ರೂ ಕಾಣಸ್ತಾವು. ದೇವ್ರು ದಿಂಡ್ರು ನಮಗೂ ಅದಾವ್ರೀ.”

ಎಷ್ಟು ನೇರ ಮಾತು. ಆದರೆ ನನ್ನ ಮನಸ್ಸಿಗೆ ನೇರ ಮಾತೇ ಸಂಶಯದ ಮಾತಾಗಿ ಕೇಳಿತು. ಇಷ್ಟು ಚೆನ್ನಾಗಿ ಮಾತಾಡಲು ಇವನಿಗೆ ಯಾರೋ ಕಲಿಸಿ ಕಳಿಸಿದ್ದಾರೆ — ಆ ಪಕ್ಷದವರೇ ಇರಬೇಕು, ಒಳಗೆ ಕೂತು ಸುದ್ದಿ ಒಯ್ಯಲು — ಅಥವಾ ಕ್ಯಾಂಪಿನವರು... ನೀನು ಚಹಾ ಕುಡಿದು ಲೋಟ ಕೆಳಗಿಟ್ಟ ರೀತಿಯಲ್ಲೂ ನನಗೆ ಏನೋ ಕಂಡಿತು. ಈಗ ನೆನೆಸಿಕೊಂಡರೆ ಅಲ್ಲಿ ಏನೂ ಇರಲಿಲ್ಲ, ಬರೀ ಲೋಟ ಇತ್ತು.

ಇನ್ನೊಂದು ಭಯವೂ ಇತ್ತು, ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನೂರು ಸದಸ್ಯರಾದ ಊರಿಗೆ ಸಮಿತಿಯಲ್ಲಿ ಎರಡು ಕುರ್ಚಿ ಎಂಬುದು ನಮ್ಮದೇ ನಿಯಮ. ಯಾವ ಊರಿನಲ್ಲೂ ನೂರು ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದುಕೊಂಡಿದ್ದೆವು. ಕಾರ್ಯದರ್ಶಿಯನ್ನು ಆರಿಸುವವರೂ ಸದಸ್ಯರೇ. ಅರವತ್ತು ಜನರಿರುವ ಮನೆಗೆ ನೂರು ಜನ ಬಂದರೆ ಆಮೇಲೆ ಮನೆ ಯಾರದು? ನಾನು ಯಾರು?

ಬೇಡ ಎನ್ನುವಂತಿರಲಿಲ್ಲ, ಮೇಲಿನವರ ಕಾಗದ ಇತ್ತು. ಹಾಗಾಗಿ ಉಪಾಯ ಮಾಡಿದೆ. ಎಂಟು ದಿನದೊಳಗೆ ಎಲ್ಲರ ಹೆಸರು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ, ತಡವಾದರೆ ಆಗುವುದಿಲ್ಲ ಎಂದೆ. ನನ್ನದೇ ಶಾಯಿಯ ಪ್ಯಾಡು ಕೊಟ್ಟು ಕಳಿಸಿದೆ. ಅದು ನಾಟಿಯ ಕಾಲ. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು. ನಿನಗೆ ನೀರು ಕುಡಿಯಲೂ ಪುರುಸೊತ್ತು ಇರಲಿಲ್ಲ. ಆಗುವುದಿಲ್ಲ ಎಂದುಕೊಂಡೇ ಎಂಟು ದಿನ ಎಂದಿದ್ದೆ.

ನೀನು ಏಳನೆಯ ದಿನಕ್ಕೇ ತಂದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ಒಬ್ಬೊಬ್ಬರನ್ನೇ ಕರೆದು ಒತ್ತಿಸಿದೆ, ನನ್ನದು ಕಡೆಗೆ ಒತ್ತುತ್ತೇನೆ ಎಂದು ನೀನೇ ಹೇಳಿದೆ. ಹಾಳೆಗಳು ಇನ್ನೂ ಕೆಸರು ವಾಸನೆ ಹೊಡೆಯುತ್ತಿದ್ದವು. ನಾನು ಬಿಡಿಸಿ ನೋಡಿದೆ. ಹೆಸರು, ಅದರ ಮುಂದೆ ಒಂದು ಕರಿ ಮಚ್ಚೆ. ಹೆಸರು, ಮತ್ತೆ ಅಂಥದೇ ಮಚ್ಚೆ. ಒಂದರಲ್ಲೂ ಗೆರೆ ಇಲ್ಲ, ಸುಳಿ ಇಲ್ಲ.

ನನ್ನ ಕಸುಬಿನವರಿಗೆಲ್ಲ ಇದು ಗೊತ್ತು. ದಿನಗಟ್ಟಲೆ ಕೆಸರು ನೀರಿನಲ್ಲಿ ಸಸಿ ಊರಿದ ಹೆಬ್ಬೆಟ್ಟಿನಲ್ಲಿ ಗೆರೆ ಉಳಿಯುವುದಿಲ್ಲ. ತೊಗಲು ಉಬ್ಬಿ, ಸವೆದು, ನುಣ್ಣಗಾಗಿರುತ್ತದೆ. ಅದಕ್ಕೇ ನಾಟಿ ಕಾಲದಲ್ಲಿ ನಾವು ಕೂಲಿಯವರ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಕೆಲಸ ಮುಗಿದು ಹದಿನೈದು ದಿನ ಬಿಟ್ಟು ಬರ್ರಿ ಎನ್ನುತ್ತೇವೆ. ಆ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ. ಆವತ್ತು ನಿನಗೆ ಒಮ್ಮೆ ಹೇಳಿದ್ದರೆ ಮುಗಿದಿತ್ತು. ನಾನು ಹೇಳಿದ್ದು, “ಬರೋಬ್ಬರಿ ಅದ, ಇಟ್ಟು ಹೋಗು.”

ನೀನು ಖುಷಿಯಿಂದ ಹೋದೆ. ನಾನು ಆ ಹಾಳೆಗಳನ್ನು ಮತ್ತೆ ಮತ್ತೆ ನೋಡಿದೆ. ಕಸುಬು ಒಂದು ಹೇಳುತ್ತಿತ್ತು, ಮನಸ್ಸು ಇನ್ನೊಂದು. ಒಂದು ವೇಳೆ ಇವನು ನಿಜವಾಗಿಯೂ ಮೋಸ ಮಾಡಿದ್ದರೆ — ಮಾಡಿರಲಿ ಎಂದೇ ನನ್ನ ಆಸೆ. ಆ ಆಸೆಯಿಂದಲೇ ಎರಡು ದಿನ ಬಿಟ್ಟು ಬಸ್ಸು ಹತ್ತಿ ಬಳಗಾನೂರಿಗೆ ಬಂದೆ. ನೀನು ದೂರದ ಕ್ಯಾಂಪಿಗೆ ಹೋಗಿದ್ದೆ. ನಿನ್ನ ಮನೆಯ ಗೋಡೆಯ ಮೇಲೆ ದುರುಗಮ್ಮನ ಪಟ, ಅದರ ಮಗ್ಗುಲಿಗೇ ಬುದ್ಧನ ಕ್ಯಾಲೆಂಡರು. ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ನಿನ್ನ ತಂಗಿ ತಿಮ್ಮವ್ವ ಆಗತಾನೇ ಗದ್ದೆಯಿಂದ ಬಂದಿದ್ದಳು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ನನ್ನ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದು, ಇಲ್ಲಿ ಒಂದು ಹೆಬ್ಬಟ್ಟು ಒತ್ತವ್ವ ಎಂದೆ. ಒತ್ತಿದಳು. ಅದೇ ಕರಿ ಮಚ್ಚೆ.

ಅವಳೇ ನಾಚಿಕೊಂಡು ಕೈಯನ್ನು ಸೀರೆಗೆ ಒರೆಸಿಕೊಂಡಳು. “ಇನ್ನೊಮ್ಮೆ ಒತ್ತಲೇನ್ರೀ? ಈಗ ಹೀಂಗ ಬರ್ತೈತ್ರಿ. ನೆಲ್ಲು ಹಚ್ಚೋದು ಮುಗದ ಮ್ಯಾಲ ಬರ್ರಿ, ಬಟ್ಟು ಮತ್ತ ನಮ್ಮವಾಗ್ತಾವು.”

ಸಾಕು ಎಂದು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಬೇಸರವಾಯಿತು. ನೀನು ಪ್ರಾಮಾಣಿಕನಾಗಿದ್ದಿ ಎಂದು ತಿಳಿದು ಬೇಸರವಾಯಿತು, ದುರುಗಪ್ಪ. ಅಂಥ ಮನುಷ್ಯ ನಾನು.

ಲಿಂಗಸುಗೂರಿನಲ್ಲಿ ಸಾಹುಕಾರರ ಅಡತಿ ಅಂಗಡಿಯ ಮಹಡಿಯ ಮೇಲೆ ನಮ್ಮದೂ ಆ ಊರಿನದೂ ಎರಡೂ ತಾಲೂಕುಗಳ ಸಭೆ. ನೀನು ತೊಳೆದ ಧೋತರ ಉಟ್ಟು, ಕೆಳಗೆ ಜೋಳದ ಚೀಲಗಳ ಮೇಲೆ ಕೂತಿದ್ದೆ. ಮೇಲೆ ಹಾಳೆಗಳು ಕೈಯಿಂದ ಕೈಗೆ ಹೋದವು. ಕಡೆಗೆ ಸಾಹುಕಾರರು ನನ್ನ ಕಡೆ ತಿರುಗಿದರು. “ರೈಟರ್ರ, ದಿನಾ ಹೆಬ್ಬಟ್ಟು ನೋಡವ್ರು ನೀವು. ಇವು ಖರೇ ಅದಾವೇನು?”

ಅವರಿಗೂ ಯಾವ ಉತ್ತರ ಬೇಕಿತ್ತು ಎಂದು ಅವರ ಮುಖದಲ್ಲಿ ಕಾಣುತ್ತಿತ್ತು. ಆದರೆ ಬಾಯಿ ನನ್ನದು. “ಎಲ್ಲಾ ಒಂದಽ ಕೈಯಿಂದ ಆದಂಗ ಕಾಣಸ್ತಾವ್ರಿ,” ಎಂದೆ.

ನಿನ್ನನ್ನು ಮೇಲಕ್ಕೆ ಕರೆಸಿದರು. ಕೇಳಿದ್ದು ನಿನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೈ ಮುಂದೆ ಚಾಚಿದೆ. “ನನ್ನ ಹೆಬ್ಬಟ್ಟು ತಗೋರಿ. ತಾಳೆ ಹಚ್ಚಿ ನೋಡ್ರಿ.” ಒತ್ತಿದೆ. ಮೇಸ್ತ್ರಿಯಾದ ನೀನು ಬದುವಿನ ಮೇಲೆ ನಿಲ್ಲುವವನು, ಕೆಸರಿಗೆ ಇಳಿಯುವವನಲ್ಲ; ನಿನ್ನ ಹೆಬ್ಬೆಟ್ಟು ಒಂದೊಂದು ಗೆರೆಯೂ ಎಣಿಸುವಷ್ಟು ಚೊಕ್ಕವಾಗಿ ಬಂತು. ಜನ ಅದನ್ನೂ ಪಟ್ಟಿಯ ಮಚ್ಚೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಸಾಹುಕಾರರೂ ಕೆಳಗೆ ನೋಡಿದರು. ಆ ಒಂದು ಗಳಿಗೆಯಲ್ಲಿ ನೀನು ಗೆದ್ದಿದ್ದೆ. ನಾನು ಸುಮ್ಮನಿದ್ದರೂ ಸಾಕಿತ್ತು, ಅಷ್ಟೂ ನನ್ನಿಂದಾಗಲಿಲ್ಲ.

“ಹೆಬ್ಬಟ್ಟಿಗೆ ಒದ್ದಿ ಬಟ್ಟಿ ಸುತ್ತಿ ಒತ್ತಿದ್ರ ಗೆರಿ ಬರಂಗಿಲ್ರಿ,” ಎಂದೆ. “ಹಿಂಗಽ ಬರ್ತದ.”

ಆಗ ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದಲ್ಲ. ದಾರಿ ಕೇಳುವವನು ನೋಡುತ್ತಾನಲ್ಲ, ಹಾಗೆ. “ರೈಟರ್ರ, ಮೊನ್ನೆ ನೀವು ಊರಿಗೆ ಬಂದಿದ್ರಂತಲ್ರೀ? ಕೆಸರಾಗ ಸವದ ತಿಮ್ಮವ್ವನ ಬಟ್ಟು ನೋಡಿ ಹೋಗೀರಂತಲ್ರೀ?”

“ನಾ ಎಲ್ಲಿ ಬಂದೀನಿ?” ಎಂದೆ.

ಅಷ್ಟೇ. ಆ ಹಾಳೆ ಆಗಲೂ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ನೀನು ಶಾಯಿ ಹತ್ತಿದ ಬೆರಳನ್ನು ಧೋತರಕ್ಕೆ ಒರೆಸಿಕೊಂಡೆ. ಮೆಟ್ಟಿಲು ಇಳಿದು ಹೋದೆ. ಸುದ್ದಿ ನಿನಗಿಂತ ಮೊದಲು ಬಳಗಾನೂರು ಮುಟ್ಟಿತು — ದಾರಿಯ ಮೇಲಿನ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ನಾನೇ ಇಬ್ಬರಿಗೆ ಹೇಳಿದ್ದೆ. ‘ಕಳ್ಳ ಹೆಬ್ಬಟ್ಟಿನ ದುರುಗ್ಯಾ’ ಎಂಬ ಹೆಸರು ಕ್ಯಾಂಪಿನಿಂದ ಕ್ಯಾಂಪಿಗೆ ಹೋಯಿತು. ಯಾರು ಎಷ್ಟು ದಿನ ದುಡಿದರು ಎಂಬುದನ್ನು ನೀನು ತೋರಿಸುವ ಹಾಜರಿ ಪಟ್ಟಿಯಿಂದಲೇ ರೈತರು ನಂಬುತ್ತಿದ್ದರು. ಆ ನಂಬಿಕೆ ಹೋದ ಮೇಲೆ ಮೇಸ್ತ್ರಿಕೆ ಎಲ್ಲಿಯದು? ಮುಂದಿನ ನಾಟಿಗೆ ನಿನ್ನ ಗುಂಪನ್ನು ಬೇರೊಬ್ಬ ನಡೆಸಿದ. ನೀನು ಊರು ಬಿಟ್ಟು ಗುರುಗುಂಟಾದ ಕಡೆ ಯಾರದೋ ಕುರಿ ಕಾಯಲು ಹೋದಿ ಎಂದು ಕೇಳಿದೆ. ಕೇಳಿ, ಹಾಗಾದರೆ ಇವನಲ್ಲಿ ಏನೋ ಹುಳುಕು ಇದ್ದೇ ಇತ್ತು, ಇಲ್ಲದಿದ್ದರೆ ಯಾಕೆ ಓಡಿಹೋಗುತ್ತಿದ್ದ ಎಂದುಕೊಂಡೆ. ಸಂಶಯ ಎಂಬುದು ತನ್ನ ಸುಳ್ಳನ್ನೇ ತಾನು ನಂಬುವ ಮಟ್ಟಕ್ಕೆ ಬರುತ್ತದೆ, ಬಂದಿತ್ತು.

ತೊಂಬತ್ತರ ದಶಕದಲ್ಲಿ ಕಾಲ ಬದಲಾಯಿತು. ಗಾಳಿ ಪಕ್ಷದ ಕಡೆ ಬೀಸಿತು, ಅವರು ಇವರು ಎನ್ನದೆ ಎಲ್ಲರನ್ನೂ ಕರೆದೆವು. ಅದೇ ಸಾಹುಕಾರರು ಕೇರಿಯಲ್ಲಿ ಕೂತು ಚಹಾ ಕುಡಿದು ಫೋಟೋ ತೆಗೆಸಿಕೊಂಡರು. ನಾನು ಮೈಕಿನ ಮುಂದೆ ನಿಂತು, ನಮ್ಮ ಬಾಗಿಲು ಎಂದೂ ಮುಚ್ಚಿರಲಿಲ್ಲ ಎಂದು ಭಾಷಣ ಮಾಡಿದೆ. ಹಾಗೆ ಹೇಳುವಾಗ ನಾಲಿಗೆ ತೊದಲಲಿಲ್ಲ.

ಮಸ್ಕಿಯಲ್ಲಿ ಸದಸ್ಯತ್ವದ ಮೇಜು ಹಾಕಿ ಕೂತಿದ್ದಾಗ ತಿಮ್ಮವ್ವ ಬಂದಳು. ತಲೆ ಬೆಳ್ಳಗಾಗಿತ್ತು. ನಾನು ಅಭ್ಯಾಸಬಲದಿಂದ ಶಾಯಿಯ ಪ್ಯಾಡನ್ನು ಮುಂದೆ ಸರಿಸಿದೆ. ಅವಳು ಅದನ್ನು ಹಿಂದಕ್ಕೆ ಸರಿಸಿ ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡಳು. ಊರಿನ ರಾತ್ರಿ ಶಾಲೆಯಲ್ಲಿ ಕಲಿತಿದ್ದಳಂತೆ. ಒಂದೊಂದೇ ಅಕ್ಷರ, ಒತ್ತಿ ಒತ್ತಿ, ತಿಮ್ಮವ್ವ ಎಂದು ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

“ಇದು ಯಾರದಂತೀರಿ?”

“ನಿಂದಽ ಅವ್ವ,” ಎಂದೆ.

“ಆವತ್ತು ಇಷ್ಟು ಅಂದಿದ್ರ ಸಾಕಿತ್ರಿ,” ಎಂದಳು. ಹಾಳೆಯನ್ನು ಮಡಚಿ ಬ್ಲೌಸಿನಲ್ಲಿ ಇಟ್ಟುಕೊಂಡು ಹೊರಟುಹೋದಳು. ಸದಸ್ಯಳಾಗಲು ಬಂದಿರಲಿಲ್ಲ ಅವಳು.

ಆಮೇಲೂ ನಾನು ಎರಡು ವರ್ಷ ಸುಮ್ಮನಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಈಗ ನಮಗೆ ನಿಮ್ಮ ಓಟು ಬೇಕು; ಈಗ ತಪ್ಪೊಪ್ಪಿಕೊಂಡರೆ ಪಕ್ಷಕ್ಕೆ ಲಾಭವೇ, ಈಗ ಪ್ರಚಾರ ನೋಡಿಕೊಳ್ಳುವ ಸಾಹುಕಾರರ ಮಗ ಇದನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸಿಯಾನು. ಅದಕ್ಕೇ ಚುನಾವಣೆ ಮುಗಿಯಲಿ ಎಂದು ಕಾದೆ. ಅದೂ ನೆಪವೇ ಇದ್ದೀತು. ನನ್ನ ಯಾವ ಮಾತನ್ನೂ ನಾನು ಈಗ ಪೂರ್ತಿ ನಂಬುವುದಿಲ್ಲ. ನೀನೂ ನಂಬಬೇಕಾಗಿಲ್ಲ.

ಕಾರ್ಯದರ್ಶಿ ಕೆಲಸಕ್ಕೆ ನಿನ್ನೆ ರಾಜೀನಾಮೆ ಕೊಟ್ಟಿದ್ದೇನೆ. ಬರುವ ಸೋಮವಾರ ಅದೇ ಮಹಡಿಯ ಮೇಲೆ ಸಭೆ ಇದೆ. ಈ ಕಾಗದವನ್ನು ಅಲ್ಲಿ ಓದುತ್ತೇನೆ. ಓದಗೊಡದಿದ್ದರೆ ಕೆಳಗೆ ಅಂಗಡಿಯ ಮುಂದೆ, ಆಮೇಲೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ, ಬಳಗಾನೂರಿನಲ್ಲಿ ಓದುತ್ತೇನೆ. ಕಡೆಗೆ ಗುರುಗುಂಟಾಕ್ಕೆ ಬರುತ್ತೇನೆ. ಕುರಿ ಹಿಂಡಿನಿಂದ ನೀನು ತಿರುಗಿ ನೋಡದಿದ್ದರೂ ಸರಿ. ತಿಮ್ಮವ್ವನ ಹೆಬ್ಬೆಟ್ಟಿನ ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ, ಶಾಯಿ ಮಾಸಿಲ್ಲ. ಅದನ್ನು ನಿನ್ನ ಕೈಗೆ ಕೊಡಬೇಕು.

ಮಹಡಿಯ ಮೇಲೆ ಹತ್ತಾರು ಜನರ ಮುಂದೆ ನೀನು ನನ್ನನ್ನು ಒಂದು ಮಾತು ಕೇಳಿದ್ದೆ. ಅದಕ್ಕೆ ಇಷ್ಟು ವರ್ಷದ ಮೇಲೆ ಉತ್ತರ ಕೊಡುತ್ತಿದ್ದೇನೆ.

ಬಂದಿದ್ದೆ, ದುರುಗಪ್ಪ. ನಾನು ಬಳಗಾನೂರಿಗೆ ಬಂದಿದ್ದೆ.