ಬಾಗಿಲ ಹಿಂದಿನ ಗಡಿಗೆ

ನಾನಾಗ ಭಾಲ್ಕಿಯ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿ. ಬ್ಯಾಂಕಿನ ಮೆಟ್ಟಿಲು ಹತ್ತದವರಿಗೆಲ್ಲ ಖಾತೆ ತೆರೆಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಬೀದರಿನ ನೌಬಾದದ ಮನೆಯಿಂದ ಬೆಳಿಗ್ಗೆ ಹೊರಟರೆ ಹಳ್ಳಿ ಸುತ್ತಿಯೇ ಮರಳುವ ಹುರುಪು ನನಗೆ.

ಮೆಹಕರದ ಪುಟ್ಟ ಚರ್ಚಿನ ಬಾಗಿಲ ಹಿಂದೆ ಒಂದು ಮಣ್ಣಿನ ಗಡಿಗೆ ಇತ್ತು. ಗಿರಣಿಗೆ ಜೋಳ ಒಯ್ಯುವ ಮುಂಚೆ ಹೆಂಗಸರು ಅದರಲ್ಲಿ ಒಂದು ಹಿಡಿ ಹಾಕಿ ಹೋಗುತ್ತಿದ್ದರು. ಮನೆಯಲ್ಲಿ ಜೋಳ ತೀರಿದವರು ಬಂದು ಸೆರಗಿನಲ್ಲಿ ತುಂಬಿಕೊಳ್ಳುತ್ತಿದ್ದರು. ಯಾರು ಹಾಕಿದರು, ಯಾರು ಒಯ್ದರು ಎಂದು ಯಾರೂ ನೋಡುತ್ತಿರಲಿಲ್ಲ.

ನನಗೆ ಅದು ತಲೆಬುಡವಿಲ್ಲದ ವ್ಯವಹಾರವಾಗಿ ಕಂಡಿತು. "ಇಲಿ ತಿಂದ್ರ ಯಾರಿಗಿ ಕೇಳ್ತೀರಿ? ಬ್ಯಾಂಕಿನ್ಯಾಗ ಇಲಿ ಬರಂಗಿಲ್ಲ ನೋಡ್ರಿ" ಎಂದೆ. ಎಲ್ಲರೂ ನಕ್ಕರು. ಗಡಿಗೆ ಎತ್ತಿಸಿದೆ, ಹೆಂಗಸರ ಸಂಘ ಕಟ್ಟಿಸಿದೆ, ಜೋಳ ಮಾರಿಸಿದೆ, ಬಂದದ್ದನ್ನು ಸಂಘದ ಖಾತೆಗೆ ಹಾಕಿಸಿದೆ. ಹಣ ಬೇಕಾದವರು ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕು, ಅದನ್ನು ನಡಾವಳಿಯಲ್ಲಿ ಬರೆಯಬೇಕು, ಎಲ್ಲರೂ ಒಪ್ಪಬೇಕು. ಬೀದರಿನ ಸಭೆಯಲ್ಲಿ ಹಿರಿಯ ಅಧಿಕಾರಿಗಳು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ನಡಾವಳಿ ಬರೆಯುತ್ತಿದ್ದವಳು ಎಂಟನೆಯ ತರಗತಿಯ ಹುಡುಗಿ. ಅವಳ ತಾಯಿ ಗಂಡನನ್ನು ಕಳೆದುಕೊಂಡವಳು, ತೊಗರಿ ಹೊಲಗಳಲ್ಲಿ ಕೂಲಿ ಮಾಡುವವಳು. ಹುಡುಗಿಯ ಅಕ್ಷರ ದುಂಡಗಿತ್ತು, ಅದನ್ನು ಎಲ್ಲರಿಗೂ ತೋರಿಸಿ ಹೊಗಳುವುದು ನನ್ನ ಚಾಳಿಯಾಗಿತ್ತು.

ಮುಂದಿನ ಮಳೆಗಾಲದಲ್ಲಿ ಚರ್ಚಿನಲ್ಲಿ ಸೇರಿದ್ದ ಸಂಘದ ಸಭೆಗೆ ಹೋದಾಗ ಅವಳು ಕಾಣಲಿಲ್ಲ. "ಎಲ್ಲಿ ನಮ್ಮ ಕಾರಕೂನಬಾಯಿ?" ಎಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಊರೆಲ್ಲ ಆಯಿ ಎಂದು ಕರೆಯುವ, ಸಂಘದ ಹಿರಿಯಳು ಮೆಲ್ಲಗೆ ಹೇಳಿದಳು: "ಔರಾದಕ್ಕ ಹೋಗ್ಯಾಳ್ರಿ. ಸೋದರತ್ತಿ ಮನ್ಯಾಗ ದನ ನೋಡ್ಕೊಳ್ಳಕ. ಸಾಲಿ ಬಿಡಿಸ್ಯಾರ."

ಸಭೆ ಬಿಟ್ಟು ಅವಳ ಮನೆಗೆ ಹೋದೆ. ತಾಯಿ ಹೊಸ್ತಿಲಲ್ಲಿ ಕುಳಿತಿದ್ದಳು.

"ಸಂಘದಾಗ ರೊಕ್ಕ ಇತ್ತಲ್ಲವ್ವ, ಯಾಕ ಕೇಳಲಿಲ್ಲ?" ನನ್ನ ದನಿಯಲ್ಲಿ ಗದರಿಕೆಯೇ ಇತ್ತು.

"ಮಳಿ ಹಿಡದು ಕೂಲಿ ಇರಲಿಲ್ರಿ, ಮನ್ಯಾಗ ಜ್ವಾಳ ತೀರಿತ್ತು. ಎಲ್ಲರ ಮುಂದ ನಿಂತು ಹಸಿವಿ ಅದ ಅಂತ ಹ್ಯಾಂಗ ಹೇಳ್ಲಿ?" ತಲೆ ತಗ್ಗಿಸಿಯೇ ಮಾತು ಮುಗಿಸಿದಳು: "ಅದನ್ನ ನನ್ನ ಮಗಳೇ ಬರೀಬೇಕಿತ್ತಲ್ರಿ."

ನಿಯಮ ಮಾಡಿದವಳು ನಾನು, ಆ ಹುಡುಗಿಯ ಕೈಗೆ ಪೆನ್ನು ಕೊಟ್ಟವಳೂ ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾಳೆಯೇ ಔರಾದಕ್ಕೆ ಹೋಗಿ ಕರೆತರೋಣ, ಶಾಲೆಯಲ್ಲಿ ನಾನು ಮಾತಾಡುತ್ತೇನೆ ಎಂದು ಅಂಗಲಾಚಿದೆ.

"ಅಲ್ಲಿ ಎರಡೂ ಹೊತ್ತು ಊಟ ಅದ್ರಿ. ಕ್ರಿಸ್‌ಮಸ್ ತನ ಇರ್ತಾಳಂತ ಮಾತು ಕೊಟ್ಟೀನಿ" ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನಗೆ ಚಹಾ ಕಾಸಲು ಎದ್ದಳು.

ಚರ್ಚಿಗೆ ಮರಳಿ, "ಆಯಿ, ಮತ್ತ ಗಡಗಿ ಇಡ್ರಿ" ಎಂದೆ. ಆಯಿ ಉಳಿದ ಹೆಂಗಸರ ಮುಖ ನೋಡಿದಳು. ಆಮೇಲೆ ಬಾಗಿಲ ಹಿಂದಿನ ಹಳೆಯ ಗೋಣಿಚೀಲ ಸರಿಸಿದಳು. ಗಡಿಗೆ ಅಲ್ಲೇ ಇತ್ತು, ಅರ್ಧ ತುಂಬಿತ್ತು. ಹುಡುಗಿ ಔರಾದಕ್ಕೆ ಹೋದ ವಾರವೇ ಇಟ್ಟಿದ್ದರಂತೆ.

"ಚೀಲ ಯಾಕ ಮುಚ್ಚೀರಿ? ಇಲಿ ಕಾಟ ಏನು?" ಎಂದು ಕೇಳಿದೆ.

"ಇಲಿ ಇಲ್ರಿ ಮೇಡಂ," ಎಂದಳು ಆಯಿ. "ಇವತ್ತ ನೀವು ಬರ್ತೀರಂತ ಗೊತ್ತಿತ್ತಲ್ರಿ."